ಹನ್ನೊಂದನೇ ಲಾಂಚು

ಕೊಲ್ಲೂರು ದೇವಿಯ ಹೆಸರು ಇರಲಿ ಎಂದು ಹೆತ್ತವರು ಮೂಕಮ್ಮ ಅಂತ ಕರೆದರೇ ಹೊರತು, ಮುಂದೆ ಆ ಹೆಸರಿಗೂ ಅವಳ ಬಾಯಿಗೂ ಯಾವ ಸಂಬಂಧವೂ ಉಳಿಯಲಿಲ್ಲ. ಹೊಳೆಬಾಗಿಲಿಗೆ ಹೋಗುವ ರಸ್ತೆಯ ಕೊನೆಯ ತಿರುವಿನಲ್ಲಿ ಅವಳ ಮನೆ. ಸಾಗರದ ಬಸ್ಸು ಅಲ್ಲಿ ನಿಂತು ಹೊರಡುವ ಅರೆಗಳಿಗೆಯಲ್ಲೇ ಕಂಡಕ್ಟರನ ತಾಯಿಯ ಮಂಡಿನೋವು, ಡ್ರೈವರನ ತಂಗಿಯ ಬಾಣಂತನ ಎರಡನ್ನೂ ವಿಚಾರಿಸಿ, ಒಂದಕ್ಕೆ ಕಷಾಯವನ್ನೂ ಇನ್ನೊಂದಕ್ಕೆ ಬುದ್ಧಿಯನ್ನೂ ಹೇಳಿ ಕಳಿಸುತ್ತಿದ್ದಳು. ಅರವತ್ತಾರು ದಾಟಿದರೂ ಆ ಬಾಯಿಗೆ ದಣಿವಿಲ್ಲ.

ಕೈಗೂ ದಣಿವಿಲ್ಲ. ಸುತ್ತಿನ ನಾಲ್ಕು ಊರಿನ ದೀವರ ಸಮುದಾಯದ ಮನೆಗಳಲ್ಲಿ ಮದುವೆ ಗೊತ್ತಾದರೆ ಗೋಡೆಗೆ ಹಸೆ ಚಿತ್ತಾರ ಬರೆಯಲು ಮೊದಲ ಕರೆ ಬರುವುದು ಮೂಕಮ್ಮನಿಗೆ. ಕೆಮ್ಮಣ್ಣು ಬಳಿದ ಗೋಡೆ, ನೆನೆಸಿ ಅರೆದ ಅಕ್ಕಿಯ ಬಿಳಿ, ಕರಿಯಾಗುವ ತನಕ ಹುರಿದ ಅಕ್ಕಿಯ ಕಪ್ಪು, ಪುಂಡಿ ನಾರು ಜಜ್ಜಿ ತಾನೇ ಕಟ್ಟಿಕೊಂಡ ಕುಂಚ, ಇಷ್ಟೇ ಅವಳ ಸಾಮಾನು. ಅಳತೆಪಟ್ಟಿ ಮುಟ್ಟುವುದಿಲ್ಲ. ಉಸಿರು ಹಿಡಿದು ಎಳೆದಳೆಂದರೆ ಮೊಳದುದ್ದದ ಗೆರೆ ನೂಲು ಹಿಡಿದ ಹಾಗೆ ನೇರ. ಹಸೆಯ ಗೆರೆಗೆ ಅವರ ಮಾತಿನಲ್ಲಿ ಎಳೆ ಅಂತ ಹೆಸರು. ಈ ಕೆಲಸ ಕಲಿಸಿದ ಅವಳ ತಾಯಿ ಗಟ್ಟಿಯಾಗಿ ಹೇಳಿಕೊಟ್ಟ ಕಟ್ಟಳೆ ಒಂದೇ: ಎಳೆಯ ತುದಿ ಬಿಡಬಾರದು. ಹೊರಟ ಎಳೆ ಎಲ್ಲಾದರೂ ಹೋಗಿ ಇನ್ನೊಂದನ್ನು ಮುಟ್ಟಲೇಬೇಕು. ತುದಿ ಬಿಟ್ಟ ಕಡೆಯಿಂದ ಮನೆಯ ಮಂಗಳ ಸೋರಿಹೋಗುತ್ತದೆ ಅಂತ ಆ ಮುದುಕಿಯ ನಂಬಿಕೆ. ಐವತ್ತು ವರ್ಷದಲ್ಲಿ ಮೂಕಮ್ಮ ಒಂದು ಎಳೆಯ ತುದಿಯನ್ನೂ ಬಿಟ್ಟವಳಲ್ಲ.

ಗಂಡ ವಾಸಪ್ಪ ಲಾಂಚಿನ ಮನುಷ್ಯ. ಶರಾವತಿಯ ಹಿನ್ನೀರಿನಲ್ಲಿ ಬಸ್ಸು, ಕಾರು, ಸಿಗಂದೂರಿನ ಭಕ್ತರು, ಅಕ್ಕಿ ಮೂಟೆ, ಹಾಲಿನ ಕ್ಯಾನು ಎಲ್ಲವನ್ನೂ ಒಟ್ಟಿಗೆ ಹೊತ್ತು ಆಚೆ ದಡಕ್ಕೆ ಬಿಡುತ್ತಿದ್ದ ಚಪ್ಪಟೆ ಕಬ್ಬಿಣದ ದೋಣಿಗೆ ಎಲ್ಲರೂ ಲಾಂಚು ಅಂತಲೇ ಹೇಳುವುದು. ವಾಸಪ್ಪ ಅದರಲ್ಲಿ ಮೂವತ್ತೆರಡು ವರ್ಷ ಹಗ್ಗದವನಾಗಿದ್ದ. ಜನ ಇಳಿಯಲು ಬಿಚ್ಚುವ ಲಾಂಚಿನ ಮುಂದಿನ ಹಲಗೆ ದಡ ತಾಗುವ ಮೊದಲೇ ಅವನು ಹಾರಿ, ಗೂಟಕ್ಕೆ ಹಗ್ಗ ಸುತ್ತಿ, ಎರಡು ಸಲ ಜಗ್ಗಿ ನೋಡಿ, ಕೂಗುತ್ತಿದ್ದ: "ಹಗ್ಗ ಬಿತ್ತು, ಇಳೀರಿ!" ಆ ಕೂಗು ಕೇಳದೆ ಅಲ್ಲಿ ಯಾರೂ ಕಾಲು ಎತ್ತುತ್ತಿರಲಿಲ್ಲ. ಮಂತ್ರಿಗಳ ಕಾರು ಬಂದರೂ ಅಷ್ಟೇ, ಮೇಕೆ ಮರಿ ಬಂದರೂ ಅಷ್ಟೇ.

ಅವನ ಮದುವೆಯ ದಿನದ ಕತೆಯನ್ನಂತೂ ಎರಡು ದಡದವರೂ ಇಂದಿಗೂ ಹೇಳಿಕೊಂಡು ನಗುತ್ತಾರೆ. ಮೂಕಮ್ಮನ ತವರು ಆಚೆ ದಡ. ಧಾರೆ ಮುಗಿಸಿಕೊಂಡು ದಿಬ್ಬಣ ಲಾಂಚಿನಲ್ಲಿ ಈಚೆಗೆ ಬರುತ್ತಿತ್ತು. ಅವತ್ತು ಹಗ್ಗ ಹಿಡಿಯಲು ಬೇರೆ ಯಾರನ್ನೋ ನಿಲ್ಲಿಸಿದ್ದರು. ಆ ಪುಣ್ಯಾತ್ಮ ಹಗ್ಗ ಎಸೆದದ್ದು ಗೂಟಕ್ಕೆ ಬೀಳಲಿಲ್ಲ, ಲಾಂಚು ಹಿಂದಕ್ಕೆ ಜರುಗತೊಡಗಿತು. ಹಣೆಗೆ ಬಾಸಿಂಗ ಕಟ್ಟಿಕೊಂಡಿದ್ದ ಮದುಮಗ, ಮದುಮಗಳ ಸೆರಗಿಗೆ ಹಾಕಿದ್ದ ಗಂಟನ್ನು ಪಟಕ್ಕನೆ ಬಿಚ್ಚಿ ಅವಳ ಕೈಗೇ ಕೊಟ್ಟು, ಪಂಚೆ ಮೇಲೆತ್ತಿ ದಡಕ್ಕೆ ಹಾರಿಬಿಟ್ಟ. ಹಗ್ಗ ಸುತ್ತಿದ. ಜಗ್ಗಿದ. ಅಭ್ಯಾಸಬಲದಿಂದ "ಹಗ್ಗ ಬಿತ್ತು, ಇಳೀರಿ!" ಎಂದು ಕೂಗಿಯೂ ಬಿಟ್ಟ. ದಿಬ್ಬಣಕ್ಕೆ ದಿಬ್ಬಣವೇ ಬಿದ್ದು ಬಿದ್ದು ನಕ್ಕಿತು. ಗಂಡನ ಕೈ ಹಿಡಿದು ಇಳಿಯಬೇಕಾದ ಮೂಕಮ್ಮ, ಗಂಡನ ಕೂಗು ಕೇಳಿ ಇಳಿದಳು. "ಅವತ್ತೇ ಗೊತ್ತಾತು, ಈ ಮನುಷ್ಯ ಮೊದಲು ಹಗ್ಗಕ್ಕೆ ಗಂಡ, ಆಮೇಲೆ ನಂಗೆ" ಅಂತ ಅವಳು ಹೇಳುವಾಗಲೆಲ್ಲ ವಾಸಪ್ಪ ಮೀಸೆಯ ಅಡಿಯಲ್ಲೇ ನಗುತ್ತಿದ್ದ.

ಕೆಲಸದಿಂದ ಬಿಡುಗಡೆಯಾದ ಮೇಲೂ ಅವನು ದಿನಾ ಬೆಳಿಗ್ಗೆ ಲಾಂಚಿನ ದಡಕ್ಕೆ ಹೋಗುವುದನ್ನು ಬಿಡಲಿಲ್ಲ. ಹೊಸ ಹುಡುಗರು ಹಗ್ಗ ಎಸೆಯುವುದನ್ನು ನೋಡಿ ಬೈಯುವುದೇ ಒಂದು ಕೆಲಸ. ಹೀಗಿರುವಾಗ ಒಂದು ಮಳೆಗಾಲದ ನಡುವೆ ಸೇತುವೆ ಆಯಿತು, ಲಾಂಚು ನಿಂತಿತು. ಉದ್ದಕ್ಕೆ, ಠೀವಿಗೆ, ದೂರದೂರದಿಂದ ಜನ ನೋಡಲು ಬರುವಂಥ ಸೇತುವೆ. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅಂತ ಗಾದೆ ಇದೆಯಲ್ಲ, ಆ ಗಾದೆ ಕಟ್ಟಿದವನು ಅಂಬಿಗನನ್ನು ಕೇಳಿ ಕಟ್ಟಿದ್ದಲ್ಲ.

ವಾಸಪ್ಪ ಯಾರನ್ನೂ ಬೈಯಲಿಲ್ಲ. ಬೈಯುವ ಹಾಗೂ ಇರಲಿಲ್ಲ. ಬಸುರಿಯರನ್ನು, ಹಾವು ಕಚ್ಚಿದವರನ್ನು ಮಂಚದ ಸಮೇತ ಲಾಂಚಿಗೆ ಹತ್ತಿಸಿ, ಎಂಜಿನ್ನು ಇನ್ನೂ ಜೋರಾಗಿ ಓಡಬಾರದೇ ಅಂತ ಹಲ್ಲು ಕಚ್ಚಿ ನಿಂತವನು ಅವನೇ. ಸೇತುವೆ ಬೇಕಿತ್ತು ಅಂತ ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಸಿಟ್ಟು ಮಾಡಿಕೊಳ್ಳಲು ಒಬ್ಬ ಮನುಷ್ಯ ಸಿಗದಿದ್ದರೆ ಸಿಟ್ಟು ಎಲ್ಲಿಗೆ ಹೋಗಬೇಕು? ಅದು ಒಳಗೇ ಕೂತಿತು, ಬಾಯಿಗೆ ಬೀಗ ಹಾಕಿತು. ಊಟಕ್ಕೆ ಕರೆದರೆ ಬರುತ್ತಾನೆ, ಬಡಿಸಿದ್ದು ಉಣ್ಣುತ್ತಾನೆ, ಜಗಲಿಯಲ್ಲಿ ಕೂರುತ್ತಾನೆ. ಮಾತು ಮಾತ್ರ ಇಲ್ಲ. ಮೂಕಮ್ಮ ಇಬ್ಬರ ಪಾಲಿನದ್ದೂ ತಾನೇ ಆಡಿ ನೋಡಿದಳು. ಗೋಡೆಗೆ ಹೇಳಿದ ಹಾಗಾಯಿತು.

ಅದೇ ಮಳೆಗಾಲ ಕಳೆಯುವ ಹೊತ್ತಿಗೆ ಮೊಮ್ಮಗಳು ಭವ್ಯಾಳಿಗೆ ಗಂಡು ಗೊತ್ತಾಯಿತು. ಭವ್ಯಾ ರಿಪ್ಪನ್‌ಪೇಟೆಯ ಒಂದು ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕಿದ್ದವಳು, ಶನಿವಾರ ಸಂಜೆ ಮನೆಗೆ ಬರುತ್ತಿದ್ದಳು. ಹುಡುಗ ನಿಶಾಂತ್ ಆಚೆ ದಡದವನು, ಜೀಪು ಇಟ್ಟುಕೊಂಡಿದ್ದಾನೆ. ನಿಶ್ಚಿತಾರ್ಥಕ್ಕೆ ಎಲ್ಲರೂ ಹೊರಟು ನಿಂತಾಗ ವಾಸಪ್ಪ ಕಡ್ಡಿ ಮುರಿದ ಹಾಗೆ ಹೇಳಿದ: "ಸೇತುವೆ ಮೇಲೆ ನಾ ಬರಲ್ಲ. ನೀವು ಹೋಗ್ಬನ್ನಿ."

"ಮದುವೆ ದಿಬ್ಬಣಕ್ಕೆ?" ಅಂತ ಭವ್ಯಾಳ ಅಪ್ಪನಾದ ಮಗ ಕೇಳಿದ.

"ಮದುವೆ ಇಲ್ಲೇ ತಾನೆ? ಇಲ್ಲೇ ಅಕ್ಷತೆ ಹಾಕ್ತೀನಿ. ಆಚೆಗೆ ಬರಲ್ಲ."

ಅವತ್ತಿನ ಪಾಲಿನ ಮಾತು ಅಲ್ಲಿಗೆ ಮುಗಿಯಿತು. ಲಾಂಚಿನ ಹಗ್ಗದ ಸುರುಳಿಯ ಮೇಲೆ ಕೂತು ಅಜ್ಜನ ಬುತ್ತಿ ಹಂಚಿಕೊಂಡು ಬೆಳೆದ ಹುಡುಗಿ ಭವ್ಯಾ. ನಿಶ್ಚಿತಾರ್ಥದ ಸೀರೆಯಲ್ಲೇ ಕಣ್ಣೀರು ಒರೆಸಿಕೊಂಡಳು. ಮರುದಿನ ಅಜ್ಜಿಯ ಪಕ್ಕ ಬಂದು ಕೂತಳು.

"ಅಜ್ಜಿ, ನನ್ನ ಹಸೇಲಿ ಲಾಂಚ್ ಬರೀತೀಯಾ?"

"ಹಸೇಲಿ ಲಾಂಚಾ? ನಮ್ಮವ್ವ ಕೇಳಿದ್ರೆ ಎದ್ದು ಬಂದು ಹೊಡೀತಿದ್ಲು."

"ಅಜ್ಜ ಆಚೆಗೆ ಬರಲ್ಲ ಅಂತಾರಲ್ಲ. ಗೋಡೆ ಮೇಲಾದ್ರೂ ನನ್ನ ದಾಟಿಸ್ಲಿ."

ಮದುವೆಗೆ ವೈಶಾಖದ ತನಕ ಸಮಯವಿತ್ತು. ಅಷ್ಟರೊಳಗೆ ಗೋಡೆಗೆ ಒಂದು ಲಾಂಚು ಬರಬೇಕು, ಅದನ್ನು ನೋಡಿ ಈ ಮನುಷ್ಯ ಬಾಯಿ ಬಿಡಬೇಕು, ಬಾಯಿ ಬಿಟ್ಟವನು ಮೊಮ್ಮಗಳ ಜೊತೆ ದಿಬ್ಬಣಕ್ಕೆ ಹೊರಡಬೇಕು. ಮೂಕಮ್ಮ ಮನಸ್ಸಿನಲ್ಲೇ ಗಂಟು ಹಾಕಿಕೊಂಡಳು.

ಆದರೆ ಬರೆಯುವುದು ಹೇಗೆ? ಹಸೆಯಲ್ಲಿ ಪಲ್ಲಕ್ಕಿಯಂಥ ದಂಡಿಗೆ ಇದೆ, ಏಣಿ ಇದೆ, ಹಕ್ಕಿ ಇದೆ, ಮದುಮಕ್ಕಳಿದ್ದಾರೆ. ಅವಳು ಕಲಿತ ಹಸೆಯಲ್ಲಿ ನೀರೇ ಇಲ್ಲ, ಇನ್ನು ದೋಣಿ ಎಲ್ಲಿಂದ ಬರಬೇಕು? ಅವಳು ಒಲೆಯಿಂದ ಒಂದು ಇದ್ದಿಲ ಚೂರು ತೆಗೆದು ಬಚ್ಚಲ ಗೋಡೆಗೆ ಮೊದಲನೆಯ ಲಾಂಚನ್ನು ಗೀಚಿದಳು. ಪಕ್ಕದಿಂದ ನೋಡಿದ ಹಾಗೆ, ತಳ ಸ್ವಲ್ಪ ಬಾಗಿಸಿ, ಮೇಲೊಂದು ಬಸ್ಸು ಇಟ್ಟು. ಅವಳಿಗೇ ಅದು ಲಾಂಚಿನ ಹಾಗೆ ಕಾಣಲಿಲ್ಲ. ಮೊರದ ಮೇಲೆ ಬೆಲ್ಲದ ಅಚ್ಚು ಇಟ್ಟ ಹಾಗಿತ್ತು. ಅಳಿಸಬೇಕು ಅನ್ನುವಷ್ಟರಲ್ಲಿ ವಾಸಪ್ಪ ಮುಖ ತೊಳೆಯಲು ಬಂದ. ಗೋಡೆ ನೋಡಿದ. ಹೆಗಲಿನ ಟವಲು ತೆಗೆದು ಮುಖ ಒರೆಸಿಕೊಂಡ. ಹೊರಡುವ ಮುಂಚೆ ಹೇಳಿದ:

"ಇದು ಮುಳುಗ್ತದೆ."

ಎರಡೇ ಪದ. ಆದರೂ ಎಂಟು ದಿನದಲ್ಲಿ ಅವನಾಗಿ ಆಡಿದ ಮೊದಲ ಮಾತು. ಬೇರೆ ಯಾವ ಹೆಂಗಸಾದರೂ ಬರೆದದ್ದನ್ನು ಆಡಿಕೊಂಡನಲ್ಲ ಅಂತ ಮುಖ ಊದಿಸುತ್ತಿದ್ದಳು. ಮೂಕಮ್ಮ ಬಚ್ಚಲಿನಲ್ಲಿ ಒಬ್ಬಳೇ ನಿಂತು ನಕ್ಕಳು. ಬಾವಿ ಬತ್ತಿಲ್ಲ, ಹಗ್ಗ ಮಾತ್ರ ಮೋಟಾಗಿದೆ ಅಂತ ಅವಳಿಗೆ ಗೊತ್ತಾಯಿತು.

ಅಲ್ಲಿಂದ ಶುರುವಾಯಿತು ನೋಡಿ. ಸಿಮೆಂಟಿನ ಅಂಗಳದಲ್ಲಿ ಒದ್ದೆ ಬಟ್ಟೆಯಿಂದ ಮಂಚದಷ್ಟು ದೊಡ್ಡ ಲಾಂಚು ಬರೆದು, ಬಿಸಿಲಿಗೆ ಅದು ಆರಿಹೋಗುವ ಮೊದಲು ಗಂಡನನ್ನು ಕೂಗಿ ಕರೆದಳು. "ಹೋಯ್, ಬೇಗ ಬನ್ನಿ, ಲಾಂಚು ಹೊರಟ್ತು!" ಅವನು ಬರುವಷ್ಟರಲ್ಲಿ ಹಿಂದಿನ ಅರ್ಧ ಆರಿತ್ತು. "ಬಸ್ಸೂ ಕಾರೂ ಎಲ್ಲ ಒಂದೇ ಬದಿಗೆ ಹಾಕೀಯಲ್ಲ. ಇದೂ ಮುಳುಗ್ತದೆ" ಅಂದ. ಪದ ಎಂಟಾಯಿತು.

ಭೂಮಿ ಹುಣ್ಣಿಮೆಗೆ ಗದ್ದೆಗೆ ಎಡೆ ಹೊತ್ತೊಯ್ಯುವ ಬುಟ್ಟಿಗೆ ಚಿತ್ತಾರ ಬರೆಯುವಾಗ, ಬುಟ್ಟಿಯ ಹೊಟ್ಟೆಯ ಮೇಲೆ ಒಂದು ಪುಟ್ಟ ಲಾಂಚನ್ನೂ ಕೂರಿಸಿದಳು. ಬುಟ್ಟಿ ದುಂಡಗೆ, ಲಾಂಚು ಚಪ್ಪಟೆ. ಎಡಗಡೆ ಒಂದು ತುದಿ ಕಂಡರೆ ಬಲತುದಿ ಬುಟ್ಟಿಯ ಹಿಂದೆ ಅಡಗಿಕೊಳ್ಳುತ್ತಿತ್ತು. ವಾಸಪ್ಪ ಬುಟ್ಟಿಯನ್ನು ತಿರುಗಿಸಿ ತಿರುಗಿಸಿ ನೋಡಿ, ಹೀಗೆ ಮಧ್ಯ ಉಬ್ಬಿದ ಲಾಂಚಿನಲ್ಲಿ ಹಾಲಿನ ಕ್ಯಾನು ಉರುಳಿ ಹೊಳೆಗೆ ಬೀಳುತ್ತದೆಂದೂ, ಒಮ್ಮೆ ನಿಜವಾಗಿ ಹಾಗೆ ಬಿದ್ದಾಗ ತಾನೇ ಹಾರಿ ತೆಗೆದೆನೆಂದೂ ಹೇಳಿದ. ಪೂರ್ತಿ ಒಂದು ಕತೆ! ಮೂಕಮ್ಮ ಆ ಕತೆಯನ್ನು ನೂರು ಸಲ ಕೇಳಿದ್ದಳು. ಅವತ್ತು ಬಾಯಿ ಮುಚ್ಚಿಕೊಂಡು ನೂರೊಂದನೇ ಸಲ ಕೇಳಿದಳು.

ಈ ನಡುವೆ ಸುಚಿತ್ರಾ ಬಂದಳು. ಸಾಗರದ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಮಕ್ಕಳಿಗೆ ತೋರಿಸಲು ಹಸೆಯ ಫೋಟೋ ತೆಗೆದುಕೊಳ್ಳಲು ಬಂದವಳು ಬಚ್ಚಲ ಗೋಡೆಯ ಲಾಂಚು ನೋಡಿ ಅಲ್ಲೇ ಕೂತುಬಿಟ್ಟಳು. ಮುಂದಿನ ಭಾನುವಾರ ಡ್ರಾಯಿಂಗ್ ಹಾಳೆ, ಪೆನ್ಸಿಲ್, ನೀರು ಬಣ್ಣದ ಡಬ್ಬಿ ಎಲ್ಲ ತಂದುಕೊಟ್ಟಳು. ದೂರದ್ದು ಸಣ್ಣದಾಗಿ, ಹತ್ತಿರದ್ದು ದೊಡ್ಡದಾಗಿ ಬರೆಯುವುದನ್ನು ಹೇಳಿಕೊಟ್ಟಳು. ಅರವತ್ತಾರರ ಶಿಷ್ಯೆ ಇಪ್ಪತ್ತೊಂಬತ್ತರ ಗುರುವಿನ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ನಾಲಿಗೆ ತುದಿ ಹಲ್ಲಲ್ಲಿ ಕಚ್ಚಿಕೊಂಡು ಕಲಿತಳು. ಇಷ್ಟು ವರ್ಷದ ಕೈಚಳಕವನ್ನು ಪಕ್ಕಕ್ಕಿಟ್ಟು, ಮೂರನೇ ಕ್ಲಾಸಿನ ಹುಡುಗಿಯ ಹಾಗೆ "ಟೀಚರೆ, ಇದು ಸರಿ ಉಂಟಾ?" ಅಂತ ಕೇಳುವುದಕ್ಕೆ ಎಷ್ಟು ದೊಡ್ಡ ಮನಸ್ಸು ಬೇಕು! ನಮ್ಮಲ್ಲಿ ನಾಲ್ಕು ಅಕ್ಷರ ಬರೆದವರು ಐದನೆಯದನ್ನು ಯಾರ ಹತ್ತಿರವೂ ಕೇಳುವುದಿಲ್ಲ.

ನೀರು ಬಣ್ಣ ಅವಳ ಮಾತು ಕೇಳಲಿಲ್ಲ. ಅಕ್ಕಿ ಹಿಟ್ಟಿನ ಬಿಳಿ ಬರೆದಲ್ಲಿ ನಿಲ್ಲುತ್ತದೆ, ಇದು ಬಿಟ್ಟಲ್ಲಿ ನಿಲ್ಲದೆ ಹರಿಯುತ್ತದೆ. ಹೊಳೆಗೆ ಹಾಕಿದ ನೀಲಿ ಸರಸರನೆ ಮೇಲೇರಿ ಲಾಂಚನ್ನೂ ಬಸ್ಸನ್ನೂ ನುಂಗಿತು. ವಾಸಪ್ಪ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದ. "ಇದು ಮುಳುಗ್ತದೆ ಅಂತ ಹೇಳ್ಲಿಕ್ಕೆ ಇಲ್ಲ. ಮುಳುಗಿ ಆತು."

ಸುಚಿತ್ರಾ ಹೇಳಿಕೊಟ್ಟ ಹಾಗೆ ಪೆನ್ಸಿಲ್ಲಿನಲ್ಲಿ ಬರೆದದ್ದು ಮಾತ್ರ ನೋಡಿದವರೆಲ್ಲ ಭೇಷ್ ಅನ್ನುವ ಹಾಗೆ ಬಂತು. ಮುಂದಿನ ಹಲಗೆ ಅಗಲ, ಹಿಂದೆ ಹೋಗುತ್ತ ಹೋಗುತ್ತ ಕಿರಿದು. ಟೀಚರ್ ಚಪ್ಪಾಳೆ ತಟ್ಟಿದಳು. ವಾಸಪ್ಪ ಟೀಚರಿಗೆ ಮರ್ಯಾದೆ ಕೊಟ್ಟು ಬಹಳ ಹೊತ್ತು ನೋಡಿ, ಆಮೇಲೆ ಕೇಳಿದ: "ಅಲ್ಲ ಟೀಚರೆ, ಹಿಂದೆ ಹೋಗ್ತಾ ಇಷ್ಟು ಸಣ್ಣ ಆದ್ರೆ ಹಿಂದಿನ ಜನ ಎಲ್ಲಿ ನಿಂತ್ಕಳದು? ಎಲ್ಲರೂ ಮುಂದೆ ಬರ್ತಾರೆ. ಮುಂದೆ ಭಾರ ಆದ್ರೆ ಎಂತ ಆಗ್ತದೆ?"

"ಮುಳುಗ್ತದೆ" ಅಂದಳು ಸುಚಿತ್ರಾ, ಸೋತು.

ತಪ್ಪು ಹೆಚ್ಚಾದಷ್ಟೂ ಮಾತು ಹೆಚ್ಚು ಅಂತ ಮೂಕಮ್ಮನಿಗೆ ಲೆಕ್ಕ ಸಿಕ್ಕಿತು. ಹಾಗಾದರೆ ಬೇಕೆಂದೇ ತಪ್ಪು ಬರೆದರೆ? ಒಂದು ದಿನ ಲಾಂಚಿಗೆ ರೈಲಿನ ಹೊಗೆ ಕೊಳವೆ ಇಟ್ಟು, ಎರಡು ಚಕ್ರವನ್ನೂ ಹಾಕಿ, ಏನೂ ಗೊತ್ತಿಲ್ಲದವಳ ಹಾಗೆ ಅವನ ಮುಂದೆ ಇಟ್ಟಳು. ವಾಸಪ್ಪ ನೋಡಿದ, ಹಾಳೆಯನ್ನು ಮಡಚಿ ಅವಳ ಕೈಗೆ ಕೊಟ್ಟ. "ಮಸ್ಕಿರಿ ಮಾಡ್ಬೇಡ" ಅಂದ. ಎರಡು ದಿನ ಮತ್ತೆ ಮಾತಿಲ್ಲ. ಮೂಕಮ್ಮನಿಗೆ ನಾಚಿಕೆಯಾಯಿತು. ಆ ಮನುಷ್ಯ ಉತ್ತರ ಕೊಡುತ್ತಿದ್ದುದು ಅವಳ ತಪ್ಪಿಗಲ್ಲ, ಅವಳ ಪ್ರಯತ್ನಕ್ಕೆ. ಅವಳು ಆಮೇಲೆ ಒಂದು ಗೆರೆಯನ್ನೂ ಸುಳ್ಳಿಗೆ ಎಳೆಯಲಿಲ್ಲ. ಭವ್ಯಾಳ ಫೋನಿನಲ್ಲಿದ್ದ ಲಾಂಚಿನ ಫೋಟೋ ದೊಡ್ಡದು ಮಾಡಿಸಿ, ಕಿಟಕಿಯ ಗಾಜಿಗೆ ಒತ್ತಿ ಹಿಡಿದು ಹಾಗೆಯೇ ಗೀರಿ ತೆಗೆದದ್ದೂ ಉಂಟು. ಒಂದು ಮೊಳೆಯೂ ತಪ್ಪಿರಲಿಲ್ಲ. ವಾಸಪ್ಪ "ಇದು ಫೋಟೋ" ಅಂದು ಎದ್ದುಹೋದ. ಅದಕ್ಕಿಂತ ಮುಳುಗುತ್ತದೆ ಅಂದಿದ್ದರೇ ಚೆನ್ನಾಗಿತ್ತು.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಿಗ್ಗೆ, ಪಕ್ಕದ ಮನೆಯ ಯಮುನಮ್ಮನ ಜೊತೆ ಕೊಟ್ಟಿಗೆಗೆ ಹಾಸಲು ಒಣ ಎಲೆಯ ದರಗು ಗುಡಿಸಲು ಗುಡ್ಡ ಹತ್ತಿದಳು. ದರಗಿನ ಬುಟ್ಟಿ ತುಂಬಿ, ಸೊಂಟ ನೆಟ್ಟಗೆ ಮಾಡಿಕೊಳ್ಳಲು ನಿಂತು ಕೆಳಗೆ ನೋಡಿದಳು. ಕೆಲಸವಿಲ್ಲದ ಲಾಂಚು ದಡಕ್ಕೆ ಕಟ್ಟಿಸಿಕೊಂಡು ನಿಂತಿತ್ತು. ಮೇಲಿನಿಂದ ಅದಕ್ಕೆ ಬಾಗು ಇಲ್ಲ, ಬಳುಕು ಇಲ್ಲ. ಉದ್ದನೆಯ ಒಂದು ಚೌಕ. ಅಂಚಿಗೆ ಸುತ್ತ ಕಂಬಿಯ ಸಾಲು. ಮೂಲೆಯಲ್ಲಿ ಚಾಲಕ ಕೂರುವ ಗೂಡು, ಚೌಕದೊಳಗೊಂದು ಮರಿ ಚೌಕ.

"ಅಯ್ಯೋ ಮಾರಾಯ್ತಿ! ಇದನ್ನ ನಾನು ಐವತ್ತು ವರ್ಷದಿಂದ ಬರೀತಾ ಇದೀನಲ್ಲೇ!"

ಯಮುನಮ್ಮನಿಗೆ ಇವಳಿಗೆ ಬಿಸಿಲು ತಲೆಗೇರಿತು ಅನ್ನಿಸಿತು. ಆದರೆ ಮೂಕಮ್ಮ ಹೇಳಿದ್ದು ಸರಿಯೇ. ಹಸೆಯಲ್ಲಿ ಮದುಮಕ್ಕಳನ್ನು ಹೊತ್ತೊಯ್ಯುವ ದಂಡಿಗೆಯೂ ಹೀಗೆಯೇ, ಅಂಚಿಗೆ ಎಳೆಗಳ ಸಾಲು ಇರುವ ಒಂದು ಚೌಕ. ದಂಡಿಗೆಯನ್ನು ಆಳು ಹೊರುತ್ತಾರೆ, ಇದನ್ನು ನೀರು ಹೊರುತ್ತದೆ, ಅಷ್ಟೇ ವ್ಯತ್ಯಾಸ. ಅಷ್ಟು ದಿನ ಅವಳು ಲಾಂಚನ್ನು ದಡದಲ್ಲಿ ನಿಂತು ನೋಡಿದ್ದಳು, ಟೀಚರ ಕಣ್ಣಿನಿಂದ ನೋಡಿದ್ದಳು, ಫೋನಿನ ಕಣ್ಣಿನಿಂದಲೂ ನೋಡಿದ್ದಳು. ತನ್ನ ತಾಯಿ ಕೊಟ್ಟ ಕಣ್ಣಿನಿಂದ ನೋಡಿದ್ದು ಅವತ್ತೇ.

ಬರೆದು ಅಳಿಸಿದ್ದೆಲ್ಲ ಸೇರಿಸಿ ಎಣಿಸಿದರೆ ಹತ್ತನೆಯ ಲಾಂಚನ್ನು ಕೆಮ್ಮಣ್ಣು ಬಳಿದ ಹಲಗೆಯೊಂದರ ಮೇಲೆ ಬರೆದಳು. ನೀರಿಗೆ ಜಡೆ ಹೆಣೆದ ಹಾಗೆ ಎಳೆಗಳು, ನಡುವೆ ಚೌಕ, ಚೌಕದೊಳಗೆ ಮದುಮಕ್ಕಳು, ಎರಡು ಬದಿಗೂ ಸಮನಾಗಿ ಹಂಚಿ ನಿಲ್ಲಿಸಿದ ದಿಬ್ಬಣ. ಲಾಂಚಿನ ಮುಂದಿನ ಹಲಗೆ ಇಳಿದಿದೆ. ತಾಯಿಯ ಕಟ್ಟಳೆಯಂತೆ ಆ ಹಲಗೆಯ ಎರಡು ಎಳೆಗಳನ್ನೂ ಒಯ್ದು ದಡದ ಎಳೆಗೆ ಮುಟ್ಟಿಸಿದಳು. ಎದೆ ತುಂಬಿಕೊಂಡು ಗಂಡನಿಗೆ ತೋರಿಸಿದಳು.

"ಸೇತುವೆ ಬರೆದ್ಯಾ?" ಅಂದ ವಾಸಪ್ಪ. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವಳಿಗೆ ಅಷ್ಟು ನೋಯುತ್ತಿರಲಿಲ್ಲ.

ಅವಳು ನೋಡಿದಳು. ಹೌದು. ದಡದಿಂದ ಹೊರಟ ಎರಡು ಗೆರೆ ನೀರಿನ ಮೇಲೆ ಹಾದು ಹೋಗಿ ಕೂತಿದ್ದವು. ಮುಟ್ಟಿಸಿದರೆ ಸೇತುವೆಯಾಗುತ್ತದೆ, ಬಿಟ್ಟರೆ ಎಳೆಯ ತುದಿ ತೆರೆದೇ ಉಳಿಯುತ್ತದೆ. ಅದೂ ಬೇರೆ ಯಾರದ್ದೋ ಮನೆಯಲ್ಲ, ಸ್ವಂತ ಮೊಮ್ಮಗಳ ಹಸೆ. ತಾಯಿಯ ಮಾತು ಮೀರಿ ಬರೆದು, ನಾಳೆ ಆ ಹುಡುಗಿಗೆ ಒಂದು ಸಣ್ಣ ಜ್ವರ ಬಂದರೂ ತನ್ನ ಕೈಯನ್ನೇ ಶಪಿಸಿಕೊಳ್ಳಬೇಕಾಗುತ್ತದೆ. ಎರಡು ತಿಂಗಳು ಮೂಕಮ್ಮ ಲಾಂಚಿನ ಸುದ್ದಿಯನ್ನೇ ಎತ್ತಲಿಲ್ಲ. ವಾಸಪ್ಪನೂ ಜಗಲಿಯ ಮೂಲೆಗೆ ಮರಳಿದ. ಒಮ್ಮೆ ಮಾತ್ರ, ಊಟದ ಹೊತ್ತಿಗೆ, ತಟ್ಟೆ ನೋಡಿಕೊಂಡೇ ಕೇಳಿದ: "ಲಾಂಚು ನಿಲ್ಸಿದ್ಯಾ?"

"ನಿಂತಿಲ್ಲ. ಹೊರಡ್ತದೆ" ಅಂದಳು. ಹೇಗೆ ಅಂತ ಅವಳಿಗೂ ಗೊತ್ತಿರಲಿಲ್ಲ.

ಮದುವೆಗೆ ಮೂರು ದಿನ ಇದ್ದಾಗ ನಡುಮನೆಯ ಗೋಡೆಗೆ ಕೆಮ್ಮಣ್ಣು ಬಳಿದಾಯಿತು. ಯಮುನಮ್ಮ, ಸುಚಿತ್ರಾ, ಓಣಿಯ ಇನ್ನೂ ನಾಲ್ಕು ಹೆಂಗಸರು ಹಾಡು ಹೇಳಿಕೊಂಡು ಅಂಚಿನ ಎಳೆಗಳನ್ನು ತುಂಬಿದರು. ನಡುವಿನ ಜಾಗ ಮೂಕಮ್ಮನದು. ಅವಳು ಬೆಳಿಗ್ಗೆ ಕೂತವಳು ಮಧ್ಯಾಹ್ನದ ತನಕ ಏಳಲಿಲ್ಲ, ಹಾಡಲೂ ಇಲ್ಲ. ಚೌಕ ಬಂತು. ದಿಬ್ಬಣ ಬಂತು. ಮದುಮಗ, ಮದುಮಗಳು ಬಂದರು. ಹಲಗೆಯ ಎರಡು ಎಳೆಗಳು ದಡದ ಕಡೆಗೆ ಹೊರಟು, ನಾಲ್ಕು ಬೆರಳು ದೂರದಲ್ಲಿ ನಿಂತುಬಿಟ್ಟವು. ಅವಳು ಕುಂಚ ಕೆಳಗಿಟ್ಟಳು.

"ತುದಿ ಬಿಟ್ಟೀಯಲ್ಲೇ ಮೂಕಮ್ಮ!" ಅಂದಳು ಯಮುನಮ್ಮ. ಹಾಡು ನಿಂತಿತು.

"ಲಾಂಚು ಇನ್ನೂ ದಡ ಮುಟ್ಟಿಲ್ಲ. ಮುಟ್ಟದೇ ಇದ್ದಿದ್ದನ್ನ ಮುಟ್ಟಿತು ಅಂತ ನಾ ಹೆಂಗೆ ಬರೀಲಿ?"

"ನಿಮ್ಮವ್ವ ಎಂತ ಹೇಳ್ತಿದ್ಲು, ಮರೆತ್ಯಾ? ಮದುವೆ ಮನೆ ಕಣೆ ಇದು."

ಮೂಕಮ್ಮ ಮರೆತಿರಲಿಲ್ಲ. ಹೆಂಗಸರ ಹಾಡು ನಿಂತದ್ದು ಯಾಕೆ ಅಂತ ನೋಡಲು ವಾಸಪ್ಪ ಬಾಗಿಲಿಗೆ ಬಂದದ್ದು ಆಗಲೇ. ಒಳಗೆ ಬಂದ. ಗೋಡೆಯ ಮುಂದೆ ನಿಂತ. ಎಡಗಡೆಯ ದಿಬ್ಬಣವನ್ನು ಎಣಿಸಿದ, ಬಲಗಡೆಯದನ್ನು ಎಣಿಸಿದ. ಮೂಲೆಯ ಗೂಡು ನೋಡಿದ. ಮದುಮಗಳನ್ನು ನೋಡಿದ. ಹಲಗೆಗೂ ದಡಕ್ಕೂ ನಡುವಿನ ನಾಲ್ಕು ಬೆರಳಿನ ಜಾಗವನ್ನು ಬಹಳ ಹೊತ್ತು ನೋಡಿದ. ಭವ್ಯಾ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಜ್ಜನನ್ನೇ ನೋಡುತ್ತಿದ್ದಳು.

"ಇದು ಮುಳುಗಲ್ಲ" ಅಂದ.

ನಾಲ್ಕು ಬೆರಳಿನ ಆ ಜಾಗಕ್ಕೆ ಬೆರಳು ತೋರಿಸಿದ.

"ತೇಲ್ಕಂಡು ಹೋಗ್ತದೆ. ಹಗ್ಗ ಎಲ್ಲಿ?"

ಮೂಕಮ್ಮ ಕುಂಚ ಎತ್ತಿಕೊಂಡಳು. "ಹಗ್ಗದ ಕೆಲಸ ನಂಗೆ ಗೊತ್ತಾ?" ಅಂದಳು.

ವಾಸಪ್ಪ ಕೈ ಚಾಚಿದ. ಆ ಮನೆಯಲ್ಲಿ ಗಂಡಸರು ಹಸೆಯ ಕುಂಚ ಮುಟ್ಟಿದ್ದಿಲ್ಲ. ಯಮುನಮ್ಮ ಏನೋ ಹೇಳಲು ಬಾಯಿ ತೆರೆದಳು, ಮೂಕಮ್ಮ ಕಣ್ಣಲ್ಲೇ ತಡೆದಳು. ಕುಂಚವನ್ನು ಬಿಳಿಯಲ್ಲಿ ಅದ್ದಿ ಗಂಡನ ಕೈಗೆ ಕೊಟ್ಟಳು. ಅವನು ಮೊದಲು ದಡದ ಮೇಲೆ ಒಂದು ಗೂಟ ನೆಟ್ಟ. ಹಲಗೆಯ ಒಂದು ಎಳೆಯ ತುದಿಯಿಂದ ಗೂಟದ ತನಕ ಒಂದು ಹಗ್ಗ ಎಳೆದ. ದಪ್ಪಗೆ, ಡೊಂಕಾಗಿ, ನಡುವೆ ಸ್ವಲ್ಪ ಜೋತು. ಆ ಗೋಡೆಯ ಸಾವಿರ ನೇರ ಎಳೆಗಳ ನಡುವೆ ಅದೊಂದೇ ಡೊಂಕು.

"ಒಂದು ಸಾಲದು. ಬೇಸಿಗೇಲಿ ಗಾಳಿ ಇರ್ತದೆ" ಅಂದು ಇನ್ನೊಂದು ತುದಿಗೂ ಒಂದು ಹಗ್ಗ ಎಳೆದ. ಗೂಟಕ್ಕೆ ಎರಡು ಸುತ್ತು ಸುತ್ತಿದ. ಕುಂಚ ವಾಪಸು ಕೊಟ್ಟ.

ಎರಡು ತುದಿಗಳೂ ಮುಚ್ಚಿದವು. ಸೇತುವೆಯೂ ಆಗಲಿಲ್ಲ. ಯಮುನಮ್ಮನೇ ಮೊದಲು ಹಾಡು ಎತ್ತಿಕೊಂಡಳು. ಡೊಂಕನ್ನು ಸರಿ ಮಾಡಲೇ ಅಂತ ಸುಚಿತ್ರಾ ಮೆಲ್ಲಗೆ ಕೇಳಿದ್ದಕ್ಕೆ ಮೂಕಮ್ಮ ಅವಳ ಮೊಣಕೈಗೆ ಒಂದು ಪೆಟ್ಟು ಕೊಟ್ಟಳು. "ಹಗ್ಗ ಎಲ್ಲಾದ್ರೂ ನೆಟ್ಟಗೆ ಇರ್ತದಾ ಟೀಚರೆ?"

ಮದುವೆಯ ದಿನ ಭವ್ಯಾ, ನಿಶಾಂತ್ ಆ ಹಸೆಯ ಮುಂದೆ ಕೂತರು. ಬಂದವರೆಲ್ಲ ಲಾಂಚನ್ನು ಗುರುತು ಹಿಡಿದರು, ಯಾರಿಗೂ ಇದೇನು ಅಂತ ಹೇಳಬೇಕಾಗಲಿಲ್ಲ. ಊಟ ಮುಗಿದು ದಿಬ್ಬಣದ ಬಸ್ಸು ಹೊರಡುವಾಗ ವಾಸಪ್ಪ ಎಲ್ಲಿಯೂ ಕಾಣಲಿಲ್ಲ. ಮೂಕಮ್ಮ ಯಾರನ್ನೂ ಕೇಳಲಿಲ್ಲ. ಅಷ್ಟು ಮಾಡಿದನಲ್ಲ, ಅದೇ ಸಾಕು ಅಂತ ಮನಸ್ಸಿಗೆ ಹೇಳಿಕೊಳ್ಳುತ್ತ ಬಸ್ಸು ಹತ್ತಿದಳು. ಹತ್ತಿ ನೋಡಿದರೆ ಬಾಗಿಲ ಪಕ್ಕದ ಮೊದಲ ಸೀಟಿನಲ್ಲಿ, ಮಡಿಕೆ ಮುರಿಯದ ಹೊಸ ಪಂಚೆ ಉಟ್ಟು, ಎರಡು ಕೈಗಳನ್ನೂ ಮಂಡಿಯ ಮೇಲೆ ಇಟ್ಟುಕೊಂಡು ಅವನು ಕೂತಿದ್ದ. ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದನಂತೆ.

ಬಸ್ಸು ಸೇತುವೆ ಹತ್ತಿತು. ವಾಸಪ್ಪ ಕಿಟಕಿಯಿಂದ ಕೆಳಗಿನ ನೀರನ್ನೇ ನೋಡುತ್ತಿದ್ದ. ಮೂಕಮ್ಮ ಅವನನ್ನು ನೋಡಿದಳು. ಒಂದು ಹೊಳೆ ದಾಟಲು ಲಾಂಚಿಗೆ ಎಷ್ಟು ಹೊತ್ತು ಬೇಕಿತ್ತು, ಇದಕ್ಕೆ ಎಷ್ಟು ಬೇಗ ಮುಗಿಯಿತು! ಆಚೆ ದಡದಲ್ಲಿ ಗಂಡಿನ ಮನೆಯವರು ಆರತಿ ಹಿಡಿದು ನಿಂತಿದ್ದರು. ಬಸ್ಸು ನಿಂತಿತು. ಚಾಲಕ ಬಾಗಿಲು ತೆಗೆದರೂ ಸೀಟಿನಿಂದ ಯಾರೂ ಏಳಲಿಲ್ಲ. ಅದು ಆ ದಡಗಳ ಜನರ ಹಳೆಯ ಅಭ್ಯಾಸವೋ, ಅಥವಾ ಎಲ್ಲರಿಗೂ ಏನೋ ತಿಳಿದಿತ್ತೋ, ಮೂಕಮ್ಮನಿಗೆ ಇಂದಿಗೂ ಗೊತ್ತಿಲ್ಲ.

ವಾಸಪ್ಪ ಎದ್ದ. ಪಂಚೆ ಮೇಲೆತ್ತಿ ಮೊದಲು ಇಳಿದ. ಎಪ್ಪತ್ತೊಂದರ ಮಂಡಿ, ಹಾರಲಾಗಲಿಲ್ಲ, ಮೆಟ್ಟಿಲು ಹಿಡಿದೇ ಇಳಿದ. ಬಸ್ಸಿನ ಬಾಗಿಲ ಕಂಬಿಯನ್ನು ಎರಡು ಸಲ ಜಗ್ಗಿ ನೋಡಿದ. ಆಮೇಲೆ, ಒಂಬತ್ತು ತಿಂಗಳು ಯಾರೂ ಕೇಳಿರದ ದನಿಯಲ್ಲಿ, ಎರಡು ದಡಕ್ಕೂ ಕೇಳುವ ಹಾಗೆ ಕೂಗಿದ:

"ಹಗ್ಗ ಬಿತ್ತು, ಇಳೀರಿ!"

ಮದುಮಕ್ಕಳು ಇಳಿದರು, ದಿಬ್ಬಣ ನಗುತ್ತ ಇಳಿಯಿತು. ಕೊನೆಗೆ ಉಳಿದದ್ದು ಮೂಕಮ್ಮ. ವಾಸಪ್ಪ ಕಂಬಿ ಬಿಟ್ಟು ಕೈ ಚಾಚಿದ. ನಲವತ್ತೈದು ವರ್ಷ ತಡವಾಗಿ, ಮೂಕಮ್ಮ ಗಂಡನ ಕೈ ಹಿಡಿದು ಇಳಿದಳು.